ಬಿಂದು ಸಿಸ್ಟರ ಎದುರು ನನ್ನ ಅರ್ಥಗಾರಿಕೆ

ತಾಳಮದ್ದಳೆಯಲ್ಲಿ ಸೋಲುವುದಕ್ಕೂ ಒಬ್ಬ ಬೇಕಾಗುತ್ತದೆ. ನಮ್ಮ ರಿಪ್ಪನ್‌ಪೇಟೆಯ ಕೂಟದಲ್ಲಿ ಆ ಒಬ್ಬ ಬಹುಕಾಲ ನಾನೇ ಆಗಿದ್ದೆ.

ತಾಳಮದ್ದಳೆಗೆ ವೇಷವಿಲ್ಲ, ಕುಣಿತವಿಲ್ಲ. ದೀಪದ ಮುಂದೆ ಎದುರುಬದುರಾಗಿ ಕುಳಿತುಕೊಳ್ಳುವುದು, ಭಾಗವತರು ಒಂದು ಪದ ಹಾಡಿದರೆ ಅದರ ಅರ್ಥವನ್ನು ಪಾತ್ರದ ಬಾಯಲ್ಲಿ ಹೇಳುತ್ತ ಎದುರಿನವನ ವಾದವನ್ನು ಮುರಿಯುವುದು, ಅಷ್ಟೇ ಆಟ. ಗೆಲ್ಲುವ ಪಾತ್ರಗಳು ಒಳ್ಳೆಯ ಕಂಠ ಮತ್ತು ಸ್ವಂತ ಕಾರು ಇದ್ದವರಿಗೆ ಹೋಗುತ್ತಿದ್ದವು. ಖಾಸಗಿ ಬಸ್ಸುಗಳ ಏಜೆಂಟನಾಗಿ "ಹೊಸನಗರ, ಹೊಸನಗರ" ಎಂದು ಕೂಗಿ ಒಡೆದುಹೋದ ನನ್ನ ಗಂಟಲಿಗೆ ಸಿಗುತ್ತಿದ್ದುದು ಸೋತ ರಾಜ, ಬೈಸಿಕೊಂಡ ಮಂತ್ರಿ, ಹೆಚ್ಚೆಂದರೆ ಪೆಟ್ಟು ತಿಂದು ಹಿಂದಿರುಗುವ ದೂತ. ಅದರಲ್ಲಿಯೇ ನಾನು ಹೆಸರು ಮಾಡಿದೆ. "ಏಜೆಂಟ್ ಭಟ್ರು ಸೋತರೆ ನೋಡೋದಕ್ಕೆ ಚಂದ" ಎಂದು ಜನ ಹೇಳುತ್ತಿದ್ದರು.

ಕೂಟದಲ್ಲಿ ಹೊಳೆಯದ ಉತ್ತರಗಳು ನನಗೆ ಮನೆಗೆ ಬಂದ ಮೇಲೆ ಹೊಳೆಯುತ್ತಿದ್ದವು. ಅಡಿಗೆಮನೆಯ ಬಾಗಿಲಲ್ಲಿ ನಿಂತು, ಶಲ್ಯ ಸರಿಪಡಿಸಿಕೊಂಡು, ಹೆಂಡತಿ ವಿಶಾಲಾಕ್ಷಿಯ ಎದುರು ಉಳಿದ ವಾದವನ್ನೆಲ್ಲ ಹೇಳಿ ಗೆಲ್ಲುತ್ತಿದ್ದೆ. ಅವಳು ಪೂರ್ತಿ ಕೇಳುತ್ತಿದ್ದಳು. ಆಮೇಲೆ, "ಅರ್ಥ ಹೇಳಿ ಆತಾ? ಹಂಗಾರೆ ಊಟಕ್ಕೆ ಬನ್ನಿ" ಎನ್ನುತ್ತಿದ್ದಳು. ಆ ಮಾತಿಗೆ ಎದುರು ಮಾತು ನನಗೆ ಒಮ್ಮೆಯೂ ಸಿಕ್ಕಲಿಲ್ಲ.

ಕಾಲಕ್ರಮದಲ್ಲಿ ಭಾಗವತರು ತೀರಿಕೊಂಡರು, ಕೂಟ ನಿಂತಿತು. ಕಳೆದ ಕಾರ್ತಿಕದಲ್ಲಿ ವಿಶಾಲಾಕ್ಷಿಯೂ ದೇವರ ಪಾದ ಸೇರಿದಳು. ಅವನ ಇಚ್ಛೆ.

ಬಿಂದು ಸಿಸ್ಟರ್ ನಮ್ಮೂರಿಗೆ ಬರತೊಡಗಿದ್ದು ಈ ದಿನಗಳಲ್ಲಿ. ಸಾಗರದ ಕಡೆಯ ಹುಡುಗಿ; ಮಾನಸಿಕ ಆರೋಗ್ಯದ ವಿಭಾಗದಲ್ಲಿ ನರ್ಸು. ಹೆಗಲಿಗೆ ಬಿ.ಪಿ. ನೋಡುವ ಪೆಟ್ಟಿಗೆ, ಕಂಕುಳಲ್ಲಿ ಸುತ್ತಿದ ಬಟ್ಟೆಯ ಬ್ಯಾನರು. ಸಂಘದ ಹೆಂಗಸರ ಸಭೆ, ಶಾಲೆ, ಹಾಲಿನ ಡೈರಿ, ಸಂತೆ ಎನ್ನದೆ ಹೋಗಿ, "ಮನಸ್ಸಿಗೂ ಕಾಯಿಲೆ ಬರ್ತದೆ, ಅದಕ್ಕೂ ಔಷಧಿ ಇದೆ, ಮಂಗಳವಾರ ಹೊಸನಗರದ ಆಸ್ಪತ್ರೆಗೆ ಡಾಕ್ಟರು ಬರ್ತಾರೆ" ಎಂದು ಹೇಳುವುದು ಅವಳ ಕೆಲಸ. ಜನ ಸೇರುತ್ತಿರಲಿಲ್ಲವೆಂದಲ್ಲ. ಎಲ್ಲರೂ ಬಿ.ಪಿ. ತೋರಿಸಲು ಬಂದವರಂತೆ ತೋಳು ಚಾಚಿ, ಬ್ಯಾನರಿಗೆ ಬೆನ್ನು ಹಾಕಿ ಕೂರುತ್ತಿದ್ದರು. ಆ ಬ್ಯಾನರಿನ ಜೊತೆಗೆ ಫೋಟೋದಲ್ಲಿ ಸಿಕ್ಕಿಬಿದ್ದರೆ ಮಗಳ ಸಂಬಂಧ ತಪ್ಪಿಹೋದೀತೆಂಬ ಭಯ. ಆದರೆ ತೋಳಿಗೆ ಪಟ್ಟಿ ಸುತ್ತಿ ಗಾಳಿ ಹಾಕುತ್ತಿರುವಾಗ ಯಾರೂ ಎದ್ದು ಓಡಲಾರರು. ಸರಿಯಾಗಿ ಆ ಹೊತ್ತಿಗೆ ಅವಳು ಮೆಲ್ಲನೆ, "ನಿದ್ದೆ ಬರ್ತದಾ?" ಎಂದು ಕೇಳುತ್ತಿದ್ದಳು.

ಹಾಗೆ ಅವಳ ಕೈಗೆ ಸಿಕ್ಕವರು ದರ್ಜಿ ಮಂಜುನಾಥಪ್ಪನವರು. ನಮ್ಮ ಕೂಟದ ಕಾಯಂ ಶ್ರೋತೃ. ಹೋದ ವರ್ಷ ಕಾರಣವೇ ಇಲ್ಲದೆ ಹೊಲಿಗೆ ಮಿಷನ್ನಿನ ಮೇಲೆ ಬಟ್ಟೆ ಮುಚ್ಚಿ, ಗೋಡೆಯ ಕಡೆ ಮುಖ ಮಾಡಿ ಮಲಗಿದವರು ಏಳಲೇ ಇಲ್ಲ. ಮನೆಯವರು ಹರಕೆ ಹೊತ್ತರು, ಹಿತೈಷಿಗಳು ಸೋಮಾರಿ ಎಂದರು. ಬಿಂದು ಸಿಸ್ಟರ್ ಮಾತ್ರ ಹರಿದ ಬ್ಯಾನರ್ ಹೊಲಿಸಬೇಕೆಂಬ ನೆಪದಲ್ಲಿ ಮತ್ತೆ ಮತ್ತೆ ಹೋಗಿ, ಕೊನೆಗೆ ಅವರನ್ನು ಮಂಗಳವಾರದ ಡಾಕ್ಟರ ಮುಂದೆ ಕೂರಿಸಿದಳು. ಮಾತ್ರೆ ಶುರುವಾಗಿ ಕೆಲವು ತಿಂಗಳಿಗೆ ಮಿಷನ್ನಿನ ಸದ್ದು ಮತ್ತೆ ಬೀದಿಗೆ ಕೇಳಿಸಿತು.

ಆ ಕೃತಜ್ಞತೆಯಿಂದಲೇ ಅವರು ಅವಳಿಗೊಂದು ಸಲಹೆ ಕೊಟ್ಟರು. ನಾನು ಅಂಗಡಿಯ ಬೆಂಚಿನ ಮೇಲಿದ್ದೆ.

"ಸಿಸ್ಟರೇ, ನಿಮ್ಮ ಭಾಷಣ ಯಾರೂ ಕೇಳೋದಿಲ್ಲ. ಒಂದು ಸಣ್ಣ ಆಟ ಮಾಡಿ. ಒಬ್ಬ ಖಿನ್ನತೆ ರೋಗಿ, ಒಬ್ಬ ನರ್ಸು. ಅವನು ಆಸ್ಪತ್ರೆಗೆ ಬರೋದಿಲ್ಲ ಅಂತಾನೆ, ನೀವು ಬುದ್ಧಿ ಹೇಳ್ತೀರಿ, ಕೊನೆಗೆ ಸೋತು ಬರ್ತಾನೆ."

"ರೋಗಿ ಆಗೋದಕ್ಕೆ ಯಾರು ಒಪ್ತಾರೆ?"

"ಏಜೆಂಟ್ ಭಟ್ರು ಇದ್ದಾರಲ್ಲ. ಸೋಲೋದರಲ್ಲಿ ಅವರನ್ನ ಮೀರಿಸಿದವರು ಈ ತಾಲ್ಲೂಕಲ್ಲೇ ಇಲ್ಲ."

ಬಿಂದು ಸಿಸ್ಟರ್ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಹೆಂಡತಿ ಕಳ್ಕೊಂಡು, ಊಟ ನಿದ್ದೆ ಬಿಟ್ಟ ಮುದುಕನ ಪಾರ್ಟು. ರಂಗಪ್ಪ ಅಂತ ಹೆಸರು. ದುಃಖದಲ್ಲಿರೋ ಹಾಗೆ ಕಾಣಬೇಕು ಭಟ್ರೇ, ಆಗ್ತದಾ?"

"ಪ್ರಯತ್ನ ಮಾಡ್ತೇನೆ" ಎಂದೆ.

ನವರಾತ್ರಿ ಮುಗಿದ ವಾರ ನಮ್ಮೂರಿನ ಸಮುದಾಯ ಭವನದಲ್ಲಿ ಕಾರ್ಯಕ್ರಮ. ಸರ್ಕಾರಿ ಪದ್ಧತಿಯಂತೆ ಪಂಚಾಯಿತಿ ಅಧ್ಯಕ್ಷರು ದೀಪ ಹಚ್ಚಿದರು. ಅವರು ಹಚ್ಚದೆ ಇದ್ದಿದ್ದರೆ ಮುಂದಿನ ಅನಾಹುತವೊಂದೂ ಆಗುತ್ತಿರಲಿಲ್ಲವೆಂದು ನಾನು ಪ್ರಾಮಾಣಿಕವಾಗಿ ನಂಬಿದ್ದೇನೆ. ಉರಿಯುವ ದೀಪ, ಹಾಸಿದ ಜಮಖಾನ, ಎದುರಿಗೆ ಮೈಕು. ಎಷ್ಟೋ ವರ್ಷಗಳ ಮೇಲೆ ಹೆಗಲಿಗೆ ಶಲ್ಯ. ನನ್ನ ಬೆನ್ನು ತಾನಾಗಿಯೇ ನೆಟ್ಟಗಾಯಿತು.

"ರಂಗಪ್ಪಜ್ಜ, ಕಾಲು ಮುರಿದ್ರೆ ಆಸ್ಪತ್ರೆಗೆ ಹೋಗೋದಿಲ್ವಾ? ಮನಸ್ಸೂ ಹಾಗೇ" ಎಂದು ಬಿಂದು ಸಿಸ್ಟರ್ ಆರಂಭಿಸಿದಳು.

ಇಲ್ಲಿ ನಾನು "ಹೌದಲ್ಲವೇ" ಎನ್ನಬೇಕಿತ್ತು. ನನ್ನ ಬಾಯಿಂದ ಬಂದದ್ದು ಇದು: "ತಾಯೀ, ಕಾಲು ಮುರಿದರೆ ಮುರಿದಲ್ಲಿ ಕಟ್ಟು ಹಾಕುವೆ. ಮನಸ್ಸು ಎಲ್ಲಿ ಮುರಿದಿದೆ ಎಂದು ಬೆರಳಿಟ್ಟು ತೋರಿಸು. ಕಟ್ಟುವ ಬಟ್ಟೆಯನ್ನು ನಾನೇ ತರುತ್ತೇನೆ."

ಬ್ಯಾನರಿಗೆ ಬೆನ್ನು ಹಾಕಿ ಕುಳಿತವರೆಲ್ಲ ಈ ಕಡೆ ತಿರುಗಿದರು.

"ಆದ್ರೆ ಅಜ್ಜ, ನಿಮಗೆ ನಿದ್ದೆ ಇಲ್ಲ. ಅದು ಕಾಯಿಲೆ."

"ನಿದ್ದೆಗೆಡುವುದು ಕಾಯಿಲೆಯಾದರೆ, ಹಗಲಿರುಳೂ ಲೋಕವನ್ನು ಕಾಯುವ ಭಗವಂತನಿಗೂ ಒಂದು ಚೀಟಿ ಬರೆದಿಡು."

ಚಪ್ಪಾಳೆ ಬಿತ್ತು. ಚಪ್ಪಾಳೆ ಎಂಬುದು ನನಗೆ ಹೊಸ ವಸ್ತು. ಅದರ ಅಮಲಿನಲ್ಲಿ ಮುಂದುವರಿದೆ: "ಸತಿಯನ್ನು ನೆನೆದು ಅಳುವುದು ರೋಗವೇ? ಹಾಗಾದರೆ ಮರಮರವನ್ನೂ ಬಳ್ಳಿಬಳ್ಳಿಯನ್ನೂ ಕೇಳುತ್ತ ಕಾಡಿನಲ್ಲಿ ಅಲೆದ ಶ್ರೀರಾಮಚಂದ್ರನಿಗೆ ಯಾವ ಮಾತ್ರೆ ಕೊಡುತ್ತಿದ್ದೆ? ಬೆಳಿಗ್ಗೆಯೋ, ಸಂಜೆಯೋ? ಊಟಕ್ಕೆ ಮೊದಲೋ, ಆಮೇಲೋ?"

ಭವನ ಎದ್ದು ನಿಂತಿತು. ಬಿಂದು ಸಿಸ್ಟರ್ ಬಾಯಿ ತೆರೆದವಳು ಹಾಗೆಯೇ ಇದ್ದಳು. ನರ್ಸಿಗೆಂದು ತಂದಿದ್ದ ಶಾಲನ್ನು ಅಧ್ಯಕ್ಷರು ಭಾವಾವೇಶದಲ್ಲಿ ನನಗೆ ಹೊದಿಸಿ, "ಇನ್ನು ಮುಂದೆ ನಮ್ಮೂರಲ್ಲಿ ಯಾರೂ ಮಾತ್ರೆಗೀತ್ರೆ ಅಂತ ಹೋಗಬೇಕಾಗಿಲ್ಲ" ಎಂದು ಜಾಗೃತಿ ಕಾರ್ಯಕ್ರಮವನ್ನು ಮುಕ್ತಾಯಗೊಳಿಸಿದರು.

ಹೊರಗೆ ಬಿಂದು ಸಿಸ್ಟರ್ ಹೇಳಿದಳು: "ಭಟ್ರೇ, ನೀವು ಸೋಲಬೇಕಿತ್ತು."

"ಭಾಗವತರಿರಲಿಲ್ಲವಲ್ಲ ಸಿಸ್ಟರೇ. ಅವರು ಮುಂದಿನ ಪದ ಎತ್ತಿದಾಗ ನಾವು ವಾದ ಬಿಡೋದು, ಸೋಲೋದು. ಪದ ಎತ್ತೋರೇ ಇಲ್ಲ ಅಂದ್ರೆ ಎಲ್ಲಿ ಸೋಲಬೇಕು ಅಂತ ನಂಗೆ ಹೇಗೆ ಗೊತ್ತಾಗಬೇಕು?"

ಇದು ನಿಜವಾದ ಮಾತು. ಮುಂದೆ ಕೋಣಂದೂರಿನಲ್ಲಿದ್ದ ಕಾರ್ಯಕ್ರಮದಿಂದ ನನ್ನನ್ನು ಕೈಬಿಡುವಂತಿರಲಿಲ್ಲ; ಅಷ್ಟು ಜನ ಹಿಂದೆಂದೂ ಸೇರಿರಲಿಲ್ಲವಾದ್ದರಿಂದ ಅವಳ ಮೇಲಿನವರು "ಆ ಅಜ್ಜನನ್ನೇ ಹಾಕಿ" ಎಂದಿದ್ದರು. ಆದ್ದರಿಂದ ಒಂದು ಏರ್ಪಾಡಾಯಿತು. ಮಂಜುನಾಥಪ್ಪನವರು ಮೊದಲ ಸಾಲಿನಲ್ಲಿ ಕುಳಿತು ತಕ್ಕ ಹೊತ್ತಿಗೆ ಕೈ ಎತ್ತುವುದು. ಕೈ ಕಂಡ ಕೂಡಲೇ ನಾನು ಸೋಲುವುದು.

ಕೋಣಂದೂರಿನಲ್ಲಿ ನಾನು ಅವರ ಕೈಯನ್ನೇ ನೋಡುತ್ತ ಮಾತಾಡಿದೆ. ಕೈ ಏಳಲಿಲ್ಲ. ಮಂಜುನಾಥಪ್ಪನವರು ಎರಡೂ ಕೈಗಳನ್ನು ತೊಡೆಯ ಮೇಲಿಟ್ಟು, ಕಣ್ಣು ಮುಚ್ಚಿ, ಹಳೆಯ ದಿನಗಳಂತೆ "ಭೇಷ್, ಭೇಷ್" ಎನ್ನುತ್ತಿದ್ದರು. ಭಾಗವತರ ಅಪ್ಪಣೆಯಿಲ್ಲದೆ ನಾನು ಹೇಗೆ ನಿಲ್ಲಿಸಲಿ? ರಾಮಚಂದ್ರ ಅಲ್ಲಿಯೂ ಕಾಡಿನಲ್ಲಿ ಅಲೆದ. ಅಲ್ಲಿಯೂ ಗೆದ್ದೆ.

ಆಮೇಲೆ ಮನೆಗೆ ಫೋನುಗಳು ಬರತೊಡಗಿದವು. "ಭಟ್ರೇ, ಬರೋ ತಿಂಗಳು ನಮ್ಮನೆ ಗೃಹಪ್ರವೇಶ. ಸಂಜೆಗೆ ಒಂದು ಖಿನ್ನತೆ ಇಟ್ಕೊಂಡಿದ್ದೇವೆ, ತಾವು ಬರಲೇಬೇಕು" ಎಂದು ಒಬ್ಬರು ಕೇಳಿದರು. ನಾನು ಎದುರಿಗೆ ಬಿಂದು ಸಿಸ್ಟರೇ ಇರಬೇಕೆಂದು ಷರತ್ತು ಹಾಕಿದೆ. ದೊಡ್ಡ ಕಲಾವಿದರು ಹಾಗೆ ಷರತ್ತು ಹಾಕುವುದನ್ನು ಕಂಡಿದ್ದೆ.

ಸಾಗರದಲ್ಲಿರುವ ನನ್ನ ಹೆಂಡತಿಯ ತವರಿಗೆ ಸುದ್ದಿ ಬೇರೆ ರೂಪದಲ್ಲಿ ಮುಟ್ಟಿತು. ಯಾರೋ ಮೊಬೈಲಿನಲ್ಲಿ ಹಿಡಿದ ತುಣುಕಿನಲ್ಲಿ ಬಿಂದು ಸಿಸ್ಟರ್ ಇರಲಿಲ್ಲ, ಬ್ಯಾನರ್ ಇರಲಿಲ್ಲ. ನಾನೊಬ್ಬನೇ ಇದ್ದೆ. "ನನಗೆ ಅನ್ನ ಸೇರದು, ಕಣ್ಣು ಮುಚ್ಚಿದರೆ ಅವಳೇ ಕಾಣುವಳು" ಎಂದು ಕೈಯೆತ್ತಿ ಕೂಗುತ್ತಿದ್ದೆ. ಅದನ್ನು ನೋಡಿದ ವಿಶಾಲಾಕ್ಷಿಯ ತಮ್ಮ ರಾಜೇಂದ್ರ, ತನ್ನ ಹೆಂಡತಿ ಮನೋರಮೆಯನ್ನು ಕರೆದುಕೊಂಡು, ಮಂತ್ರಿಸಿದ ಒಂದು ತೆಂಗಿನಕಾಯಿ ಮತ್ತು ಒಂದೆಲಗದ ಎಣ್ಣೆಯ ಸಮೇತ ಬಂದಿಳಿದ.

"ಭಾವ, ಎಂಗೊ ಎಲ್ಲ ಆ ವಿಡಿಯೋ ನೋಡಿದ್ಯ" ಎಂದ ಅವನು ನಮ್ಮ ಹವ್ಯಕ ಮಾತಿನಲ್ಲಿ, ನನ್ನ ಕೈ ಹಿಡಿದುಕೊಂಡು, ಮಗುವಿಗೆ ಹೇಳುವಂತೆ.

"ಅದು ಅರ್ಥಗಾರಿಕೆ ಮಾರಾಯ. ಎಂಗೆ ಎಂತೂ ಆಯ್ದಿಲ್ಲೆ."

ಗಂಡ ಹೆಂಡತಿ ಪರಸ್ಪರ ನೋಡಿಕೊಂಡರು. "ಇಂಥದ್ದು ಇದ್ದವು ಯಾರೂ ತಮಗೆ ಇದ್ದು ಹೇಳಿ ಒಪ್ಪತ್ವಿಲ್ಲೆ" ಎಂದಳು ಮನೋರಮೆ.

"ಹಂಗಾರೆ, ಇದ್ದು ಅಂದ್ರೆ?"

"ನೋಡಿ, ಈಗ ಒಪ್ಪಿದ" ಎಂದಳು ಅವಳು ಗಂಡನಿಗೆ.

ನನ್ನ ಇಡೀ ಅರ್ಥಗಾರಿಕೆಯಲ್ಲಿ ಇಂಥ ಎದುರಾಳಿಯನ್ನು ಕಂಡಿರಲಿಲ್ಲ. ಒಂದೆಲಗದ ಎಣ್ಣೆ ಕಿವಿಯವರೆಗೆ ಇಳಿಯುವಂತೆ ತಲೆಗೆ ತಟ್ಟಿಸಿಕೊಂಡು ಕುಳಿತೆ. ಬೇಲಿಯಾಚೆ ಪಕ್ಕದ ಮನೆಯ ಭಾವನಾ, "ಎಣ್ಣೆ ತಲೆಗೆ ಹತ್ತಿದ್ರೆ ಸರಿಯಾಗ್ತಾರೆ ಬಿಡಿ, ಪಾಪ ಒಳ್ಳೆಯವರು" ಎಂದು ಅವರಿಗೆ ಧೈರ್ಯ ಹೇಳಿದಳು. ತೆಂಗಿನಕಾಯಿಯನ್ನು ನನ್ನ ತಲೆದಿಂಬಿನ ಬಳಿ ಇಟ್ಟು, ಒಡೆಯಬಾರದೆಂದು ಎಚ್ಚರಿಸಿ ಅವರು ಹೋದರು.

ಮರುದಿನ ಎಣ್ಣೆಯ ತಲೆಯಲ್ಲಿಯೇ ಪೇಟೆಗೆ ಹೋದೆ. ಬೀದಿ ಎಂದಿನಂತಿತ್ತು, ಆದರೆ ಏನೋ ಕಡಿಮೆಯಾಗಿತ್ತು. ಅದೇನೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಹೊಲಿಗೆ ಮಿಷನ್ನಿನ ಸದ್ದಿರಲಿಲ್ಲ.

ಮಿಷನ್ನಿನ ಮೇಲೆ ಬಟ್ಟೆ ಮುಚ್ಚಿತ್ತು. ಒಳಗಿನ ಕೋಣೆಯಲ್ಲಿ ಮಂಜುನಾಥಪ್ಪನವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು.

"ಮಾತ್ರೆ ಬಿಟ್ಟಿದ್ದಾರೆ ಭಟ್ರೇ" ಎಂದರು ಅವರ ಹೆಂಡತಿ. "ಕೇಳಿದ್ರೆ ನಿಮ್ಮ ಮಾತನ್ನೇ ಹೇಳ್ತಾರೆ."

"ರಾಮನಿಗಿಲ್ಲದ ಮಾತ್ರೆ ನಂಗ್ಯಾಕೆ?" ಎಂದಿತು ಗೋಡೆಯ ಕಡೆಯ ದನಿ.

"ಅದು ಪಾತ್ರದ ಮಾತು ಮಾರಾಯ್ರೆ. ನಾನು ಹೇಳಿದ್ದಲ್ಲ, ರಂಗಪ್ಪ ಹೇಳಿದ್ದು."

"ಯಾರು ಹೇಳಿದ್ರೇನು? ಆ ಮಾತಿಗೆ ಸಿಸ್ಟರು ಉತ್ತರ ಕೊಟ್ರಾ?"

"ಇಲ್ಲ."

"ಮತ್ತೆ?"

ಕೂಟದಲ್ಲಿ ಉತ್ತರವಿಲ್ಲದ ಮಾತು ಸತ್ಯ. ಇದನ್ನು ಅವರಿಗೆ ಕಲಿಸಿದವರು ನಾವೇ. "ಹಾಗಾದ್ರೆ ತೀರ್ಥಹಳ್ಳೀಲಿ ಕೊನೇ ಕಾರ್ಯಕ್ರಮ ಇದೆ. ಅಲ್ಲಿ ಸೋಲ್ತೇನೆ. ಸೋತ್ರೆ ಮಂಗಳವಾರ ಡಾಕ್ಟರ ಹತ್ರ ಬರ್ತೀರಾ?" ಎಂದೆ.

ಮಂಜುನಾಥಪ್ಪನವರು ಮೊದಲ ಸಲ ಅರ್ಧ ತಿರುಗಿದರು. ಗಡ್ಡ ಬೆಳೆದಿತ್ತು. ಕಣ್ಣು ಎಲ್ಲಿಯೋ ದೂರದಲ್ಲಿತ್ತು. "ಬರ್ತೀನಿ. ಆದ್ರೆ ಬೇಕಂತ ಸೋತ್ರೆ ನಂಗೆ ಗೊತ್ತಾಗ್ತದೆ. ನಿಮ್ಮ ಸೋಲನ್ನೆಲ್ಲ ನೋಡಿದವನು ನಾನು. ಬೇಕಂತ ಸೋಲೋ ಮುಂಚೆ ನೀವು ಶಲ್ಯ ಸರಿಮಾಡ್ಕೊಳ್ತೀರಿ" ಎಂದು ಹೇಳಿ ಮತ್ತೆ ಗೋಡೆಗೆ ತಿರುಗಿದರು.

ಎಷ್ಟು ವರ್ಷ ಸೋತಿದ್ದೆ. ಒಂದು ಸೋಲು ನಿಜವಾಗಿ ಬೇಕಾದಾಗ ನನ್ನ ಹತ್ತಿರ ಅದಿರಲಿಲ್ಲ.

ಮಧ್ಯಾಹ್ನ ಬಿಂದು ಸಿಸ್ಟರ್ ಮನೆಗೆ ಬಂದಳು. ಕೋಪದಲ್ಲಿದ್ದಳು. "ಮತ್ತೆ ಗೋಡೆಗೆ ತಿರುಗಿದಾರಲ್ಲ ಭಟ್ರೇ. ಹಿಂದಿನ ಸಲ ಅವರನ್ನ ಎಬ್ಬಿಸೋದಕ್ಕೆ ಆ ಬ್ಯಾನರನ್ನ ನನ್ನ ಕೈಯಾರೆ ಎಷ್ಟು ಸಲ ಹರಿದಿದೀನಿ ಗೊತ್ತಾ?"

"ನೀವು ನನ್ನನ್ನು ನಿಜವಾಗಿ ಸೋಲಿಸಬೇಕು. ರಾಮನ ಮಾತಿಗೆ ಒಂದು ಉತ್ತರ ಹುಡುಕಿ ಸಿಸ್ಟರೇ."

"ನಂಗೆ ವಾದ ಬರೋದಿಲ್ಲ. ನಮಗೆ ಕಲಿಸಿದ್ದು ಜನರ ಹತ್ರ ಕೂತು ಕೇಳೋದು, ಅಷ್ಟೇ. ಎದುರಿನವರ ಬಾಯಿ ಮುಚ್ಚಿಸೋದಲ್ಲ."

ನೈವೇದ್ಯದ ಹೊತ್ತಾಗಿತ್ತು. ಅವಳನ್ನು ಕೂರಿಸಿ, ಪುಟ್ಟ ತಪ್ಪಲೆಯ ಅನ್ನವನ್ನು ದೇವರಿಗೆ ತೋರಿಸಿ, ಗಂಟೆ ಬಾರಿಸಿ, ಬಾಳೆ ಎಲೆಯಲ್ಲಿ ಸುತ್ತಿಕೊಂಡು ಹೊರಗೆ ಬಂದೆ. ಪಕ್ಕದ ಮನೆಯ ಹಸು ಗೌರಿ ಎಂದಿನಂತೆ ಗೇಟಿನ ಬಳಿ ಕಾಯುತ್ತಿತ್ತು. ಎಲೆ ಸಮೇತ ತಿಂದು ನನ್ನ ಕೈ ನೆಕ್ಕಿತು.

"ವರ್ಷದಿಂದ ಭಟ್ರ ನೈವೇದ್ಯ ತಿಂದು ನಮ್ಮ ಗೌರಿ ಕೊಟ್ಟಿಗೆ ಬಾಗಿಲಲ್ಲಿ ಹಿಡಿಸದಷ್ಟು ದಪ್ಪ ಆಗಿದೆ" ಎಂದು ಭಾವನಾ ಬೇಲಿಯಾಚೆಯಿಂದ ನಕ್ಕಳು.

ಬಿಂದು ಸಿಸ್ಟರ್ ಗೌರಿಯನ್ನು ನೋಡಿದಳು. ಎಲುಬೆದ್ದ ನನ್ನ ಮಣಿಕಟ್ಟನ್ನು ನೋಡಿದಳು. ಒಳಗಿದ್ದ ಆ ಪುಟ್ಟ ತಪ್ಪಲೆಯನ್ನು ನೋಡಿದಳು. ನಾನು ಕೊಟ್ಟ ಬಾಳೆಹಣ್ಣನ್ನು ತೆಗೆದುಕೊಂಡು ಬಸ್ಸಿಗೆ ಹೋದಳು. ಉತ್ತರ ಸಿಕ್ಕಲಿಲ್ಲವೆಂದು ನಾನು ಚಿಂತಿಸಿದೆ.

ತೀರ್ಥಹಳ್ಳಿಯ ಸಭಾಂಗಣ ತುಂಗೆಗೆ ಹತ್ತಿರ. ಜನ ಕಿಟಕಿಯಲ್ಲಿಯೂ ನಿಂತಿದ್ದರು. ರಾಜೇಂದ್ರ ಮತ್ತು ಮನೋರಮೆ ನನ್ನ ದಿಂಬಿನ ಬಳಿಯಿದ್ದ ತೆಂಗಿನಕಾಯಿಯನ್ನು ಚೀಲದಲ್ಲಿ ಹಾಕಿಕೊಂಡು ಬಂದು, ಹೆಚ್ಚುಕಡಿಮೆಯಾದರೆ ಇರಲೆಂದು ವೇದಿಕೆಯ ಪಕ್ಕದಲ್ಲಿಯೇ ಕುಳಿತಿದ್ದರು. ಹಿಂದಿನ ಸಾಲಿನಲ್ಲಿ ಹೆಂಡತಿ ಹಿಡಿದು ತಂದ ಮಂಜುನಾಥಪ್ಪನವರು ಅಲ್ಲಿಯೂ ಗೋಡೆಯ ಕಡೆಗೇ ಮುಖ ಮಾಡಿದ್ದರು. ಒಂದು ಕಿವಿ ಮಾತ್ರ ಈ ಕಡೆಗಿತ್ತು.

ದೀಪ ಹಚ್ಚಿದರು. ನಾನು ಮನಸ್ಸಿನಲ್ಲಿ ದೇವರನ್ನು ನೆನೆದು, ಜೀವನದಲ್ಲಿ ಮೊದಲ ಸಲ, ನನ್ನನ್ನು ಸೋಲಿಸೆಂದು ಬೇಡಿಕೊಂಡೆ. ಆಮೇಲೆ ವಾದ ಆರಂಭವಾಯಿತು. ಕಾಲಿನ ಕಟ್ಟು ಹೋಯಿತು. ಭಗವಂತನ ಚೀಟಿ ಹೋಯಿತು. ಬಿಂದು ಸಿಸ್ಟರ್ ಪ್ರತಿಯೊಂದಕ್ಕೂ "ಹೌದಾ" ಎನ್ನುತ್ತ ಸುಮ್ಮನೆ ಕೇಳುತ್ತಿದ್ದಳು. ಹೀಗೆ ಆದರೆ ಗೆದ್ದುಬಿಡುತ್ತೇನಲ್ಲ ಎಂದು ನನಗೆ ಬೆವರು ಬಂತು. ಕೊನೆಗೆ ವಿಧಿಯಿಲ್ಲದೆ ಶ್ರೀರಾಮಚಂದ್ರನನ್ನು ಕಾಡಿಗೆ ಕಳಿಸಿದೆ. "ಯಾವ ಮಾತ್ರೆ ಕೊಡುತ್ತಿದ್ದೆ ತಾಯೀ? ಊಟಕ್ಕೆ ಮೊದಲೋ, ಆಮೇಲೋ?"

ಚಪ್ಪಾಳೆ ನಿಲ್ಲುವವರೆಗೆ ಅವಳು ಕಾದಳು.

"ರಾಮನ ಜೊತೆಗೆ ಲಕ್ಷ್ಮಣ ಇದ್ದ ಭಟ್ರೇ" ಎಂದಳು. "ಹಣ್ಣೋ ಗೆಡ್ಡೆಯೋ ತಂದು ಎದುರಿಗೆ ಇಡ್ತಿದ್ದ."

ಪಾತ್ರದ ಹೆಸರು ಬಿಟ್ಟು ನನ್ನನ್ನು ಕರೆದದ್ದು ಕೂಟದ ನಿಯಮಕ್ಕೆ ವಿರುದ್ಧ. ಆದರೂ ಲಕ್ಷ್ಮಣನ ಕುರಿತು ನನ್ನಲ್ಲಿ ಬೇಕಾದಷ್ಟು ಅರ್ಥವಿತ್ತು. ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಮೈಕನ್ನು ಪಕ್ಕಕ್ಕೆ ಸರಿಸಿ, ದಾರಿಯಲ್ಲಿ ಸಿಕ್ಕವರು ಕೇಳುವಂತೆ ಕೇಳಿದಳು:

"ನಿಮ್ಮದು ಊಟ ಆಯ್ತಾ?"

ನಮ್ಮ ಕಡೆ ಎಲ್ಲರೂ ಎಲ್ಲರನ್ನೂ ಕೇಳುವ ಮಾತು. "ಆಯ್ತು" ಎನ್ನುವುದು ಉತ್ತರ. ಕೇಳಿದವರೂ ಅದನ್ನು ಕೇಳಿಸಿಕೊಳ್ಳುವುದಿಲ್ಲ. ಆದರೆ ಎದುರಿಗೆ ದೀಪ ಉರಿಯುತ್ತಿತ್ತು. ದೀಪದ ಮುಂದೆ ರಂಗಪ್ಪ ಏನು ಬೇಕಾದರೂ ಹೇಳಬಹುದು. ಶಂಕರನಾರಾಯಣ ಭಟ್ಟನಾದ ನಾನು ಸುಳ್ಳು ಹೇಳಬಾರದು.

"ನೈವೇದ್ಯ ಆಯ್ತು" ಎಂದೆ.

"ದೇವರದ್ದು ಕೇಳಿಲ್ಲ ಭಟ್ರೇ. ಗೌರಿದೂ ನಂಗೊತ್ತು. ನಿಮ್ಮದು ಕೇಳಿದ್ದು."

ಸಭೆ ಉತ್ತರಕ್ಕೆ ಕಾಯಿತು. ನಾನೂ ಕಾದೆ. ಅರ್ಥ ಮುಗಿದ ಮೇಲೆ ಅಡಿಗೆಮನೆಯ ಕಡೆಯಿಂದ ಒಂದು ದನಿ ಬರುತ್ತಿತ್ತು. ಇಷ್ಟು ದಿನವೂ ಆ ದನಿ ಬರಲೆಂದೇ ಅರ್ಥವನ್ನು ಉದ್ದ ಮಾಡುತ್ತಿದ್ದೆನೋ ಏನೋ. ಈಗ ಹೇಳಲು ಒಂದು ಅಕ್ಷರವೂ ಇರಲಿಲ್ಲ. ತಾಳಮದ್ದಳೆಯಲ್ಲಿ ಮಾತು ನಿಂತರೆ ಆಟ ಮುಗಿಯಿತು. ಶಲ್ಯ ಹೆಗಲಿನಿಂದ ಜಾರಿ ಜಮಖಾನದ ಮೇಲೆ ಬಿತ್ತು. ನಾನು ಎತ್ತಿಕೊಳ್ಳಲಿಲ್ಲ.

ಹಿಂದಿನ ಸಾಲಿನಲ್ಲಿ ಮಂಜುನಾಥಪ್ಪನವರು ಪೂರ್ತಿ ಈ ಕಡೆಗೆ ತಿರುಗಿದ್ದರು.

"ಸೋತ್ರು" ಎಂದರು ಹೆಂಡತಿಗೆ. "ಶಲ್ಯ ಮುಟ್ಲಿಲ್ಲ ನೋಡು. ಇದು ನಿಜವಾದ್ದು."

ಮನೋರಮೆ ಮಾತ್ರ ಯಾರ ಅಪ್ಪಣೆಗೂ ಕಾಯದೆ ವೇದಿಕೆ ಹತ್ತಿದಳು. "ವರ್ಷದಿಂದ ಹಸುವಿಗೆ ಬಡಿಸಿ ತಾನು ಉಪವಾಸ ಇದ್ದ. ಎಂಗೊ ಬರೀ ತಲೆಗೆ ಎಣ್ಣೆ ಹಚ್ಚಿಕ್ಕೆ ಬಂದ್ಯ" ಎಂದು ಗಂಡನನ್ನು ಸಭೆಯ ಮುಂದೆಯೇ ಬೈದು, ನನ್ನ ತೋಳು ಹಿಡಿದು ಎಬ್ಬಿಸಿದಳು. ಅಂದು ಅವರ ಪರಿಚಯದವರ ಮನೆಯಲ್ಲಿ ಅನ್ನ, ಸಾರು, ಚಟ್ನಿ. ಒಡೆಯಬಾರದ ತೆಂಗಿನಕಾಯಿ ಆ ಚಟ್ನಿಯಲ್ಲಿತ್ತು. ಅದರ ಮಂತ್ರದ ಫಲವನ್ನು ನಾನು ಅಲ್ಲಗಳೆಯಲಾರೆ. ಎರಡನೆಯ ಸಲ ಬಡಿಸಿಕೊಂಡೆ.

ಮಂಗಳವಾರ ಹೊಸನಗರದ ಬಸ್ಸಿನಲ್ಲಿ ನಾನೂ ಮಂಜುನಾಥಪ್ಪನವರೂ ಹೋದೆವು. ಆಸ್ಪತ್ರೆಯ ಬೆಂಚಿನ ಮೇಲೆ ಒತ್ತಾಗಿ ಕುಳಿತೆವು. ಬಿಂದು ಸಿಸ್ಟರ್ ಹೊರಗೆ ಬಂದು ಕೇಳಿದಳು: "ಇಬ್ಬರಲ್ಲಿ ಡಾಕ್ಟರಿಗೆ ತೋರಿಸೋದು ಯಾರು?"

"ಇವರು" ಎಂದೆ ನಾನು.

"ಇವರು" ಎಂದರು ಮಂಜುನಾಥಪ್ಪನವರು. "ನಾನು ಸುಮ್ಮನೆ ಜೊತೆಗೆ ಬಂದ ಲಕ್ಷ್ಮಣ."

"ಲಕ್ಷ್ಮಣ ನಾನು" ಎಂದೆ. "ಬಸ್ಸಿನ ಟಿಕೆಟ್ ತೆಗೆದವನು ನಾನು."

"ಆಯ್ತು, ಇಬ್ಬರು ಲಕ್ಷ್ಮಣರೂ ಒಳಗೆ ಬನ್ನಿ. ಮೊದಲು ಬಿ.ಪಿ. ನೋಡ್ತೀನಿ, ಆಮೇಲೆ ಡಾಕ್ಟರು" ಎಂದಳು ಅವಳು.

ಮೊದಲು ನನ್ನ ತೋಳಿಗೆ ಪಟ್ಟಿ ಸುತ್ತಿದಳು. ಗಾಳಿ ತುಂಬುತ್ತಿದ್ದಂತೆ, ನನ್ನ ಮುಖ ನೋಡದೆ, ಮೆಲ್ಲನೆ ಕೇಳಿದಳು: "ನಿದ್ದೆ ಬರ್ತದಾ ಭಟ್ರೇ?"

ಕಟ್ಟಿದ ಕೈ; ಎದ್ದು ಹೋಗುವ ಹಾಗಿರಲಿಲ್ಲ. ಹೇಳತೊಡಗಿದೆ. ರಾಮನಿರಲಿಲ್ಲ, ರಂಗಪ್ಪನಿರಲಿಲ್ಲ, ಆದರೂ ಅರ್ಥ ಸ್ವಲ್ಪ ಉದ್ದವೇ ಆಯಿತು. ಬಿಂದು ಸಿಸ್ಟರ್ ಪಟ್ಟಿ ಬಿಚ್ಚಿದ ಮೇಲೆಯೂ ಕೂತು ಪೂರ್ತಿ ಕೇಳಿದಳು. ಹಿಂದಿನಿಂದ ಮಂಜುನಾಥಪ್ಪನವರು, ಅಭ್ಯಾಸಬಲದಿಂದ, ಒಂದೆರಡು ಕಡೆ "ಭೇಷ್" ಎಂದರು.